ಪ್ಲಗ್ ಕೂತಿತು ಅಂತ ಸ್ವಿಚ್ ಹಾಕಬೇಡಿ: ಹೊರದೇಶದ ಗೇಮ್ ಕನ್ಸೋಲ್ ಮನೆಯಲ್ಲಿ ನಡೆಸುವ ಬಗೆ

ಟಪ್ ಅಂತ ಒಂದು ಸದ್ದು, ಅಷ್ಟೇ. ಹೊಗೆ ಬರಲಿಲ್ಲ, ಕಿಡಿ ಹಾರಲಿಲ್ಲ. ಎರಡು ನಿಮಿಷ ಬಿಟ್ಟು ಸುಟ್ಟ ಮೀನಿನಂಥ ವಾಸನೆ ಮೂಗಿಗೆ ಬಡಿಯಿತು. ಜಪಾನಿನಿಂದ ಬಂದಿದ್ದ ಹಳೆಯ ಗೇಮ್ ಕನ್ಸೋಲ್, ಸೆಗಾ ಡ್ರೀಮ್‌ಕಾಸ್ಟ್ ಅದು. ಪೆಟ್ಟಿಗೆಯಲ್ಲಿ ಪವರ್ ಕೇಬಲ್ ಇರಲಿಲ್ಲ. ಹಿಂದೆ ತಿರುಗಿಸಿ ನೋಡಿದರೆ ಎಂಟರ ಅಂಕಿಯ ಆಕಾರದ ಎರಡು ಪಿನ್ನಿನ ಸಾಕೆಟ್. ಹಳೆ ಟೇಪ್ ರೆಕಾರ್ಡರ್‌ನ ಕೇಬಲ್ ತಂದು ಒತ್ತಿದೆ, ಅದಕ್ಕೆಂದೇ ಮಾಡಿಸಿದ ಹಾಗೆ ಕೂತಿತು. ಕೂತಿತಲ್ಲ, ಇನ್ನೇನು ಅಂತ ಸ್ವಿಚ್ ಹಾಕಿದೆ.

ಕನ್ಸೋಲ್‌ಗೆ ಬೇಕಿದ್ದದ್ದು 100 ವೋಲ್ಟ್, ಗೋಡೆ ಕೊಟ್ಟಿದ್ದು 230. ಎಸಿ ಕರೆಂಟಿನಲ್ಲಿ 100 ವೋಲ್ಟ್ ಅಂದರೆ ಅಲೆಯ ತುದಿ 141 ವೋಲ್ಟ್ ಮುಟ್ಟುತ್ತದೆ. 230 ಅಂದರೆ ತುದಿ 325. ಒಳಗಿದ್ದ, ಕರೆಂಟು ಕೂಡಿಟ್ಟುಕೊಳ್ಳುವ ದಪ್ಪ ಕೆಪಾಸಿಟರ್ ಮೇಲೆ 200 ವೋಲ್ಟ್ ಅಂತ ಅಚ್ಚಾಗಿತ್ತು. ಪಾಪ, ಅದು ಎಷ್ಟು ಹೊತ್ತು ತಡೆದೀತು?

ಅವತ್ತಿನಿಂದ ಒಂದು ವಿಷಯ ತಲೆಗೆ ಹತ್ತಿದೆ. ಹೊರದೇಶದ ಕನ್ಸೋಲ್ ವಿಚಾರದಲ್ಲಿ ತೂತು, ಪಿನ್ನು, ಜ್ಯಾಕ್ ಇವುಗಳ ಆಕಾರವನ್ನು ನಂಬಲೇಬಾರದು. ಕೆಳಗಿನ ಹಂತಗಳಲ್ಲಿ ಈ ಮಾತು ಇನ್ನೂ ಎರಡು ಮೂರು ಕಡೆ ಬರುತ್ತದೆ. ನೆನಪಿಟ್ಟುಕೊಳ್ಳಿ.

ಹಂತ 1: ಲೇಬಲ್ ಓದಿ

ಕೇಬಲ್ ಹುಡುಕುವ ಮೊದಲು ಕನ್ಸೋಲನ್ನು ಬೋರಲು ಹಾಕಿ. ಹೊರಗೆ ಅಡಾಪ್ಟರ್ ಇರುವ ಮಾದರಿಯಾದರೆ ಅಡಾಪ್ಟರನ್ನು ಕೈಗೆತ್ತಿಕೊಳ್ಳಿ. ಅಕ್ಷರ ಜಪಾನಿಯಲ್ಲಿದ್ದರೂ ಅಂಕಿಗಳನ್ನು ಓದಬಹುದು. ‘ಇನ್‌ಪುಟ್’ ಸಾಲಿನಲ್ಲಿ ಏನಿದೆ ಎಂಬುದರ ಮೇಲೆ ಮುಂದಿನದ್ದೆಲ್ಲ ನಿಂತಿದೆ.

100–240 ವೋಲ್ಟ್, 50/60 ಹರ್ಟ್ಸ್ (ಕರೆಂಟಿನ ಅಲೆ ಸೆಕೆಂಡಿಗೆ ಎಷ್ಟು ಸಲ ಏಳುತ್ತದೆ ಎಂಬ ಲೆಕ್ಕ) ಅಂತ ಇದ್ದರೆ ನೀವು ಅದೃಷ್ಟವಂತರು. ಪಿನ್ನಿನ ಆಕಾರ ಬದಲಿಸುವ ಸಾದಾ ಪ್ಲಗ್ ಅಡಾಪ್ಟರ್ ಸಾಕು. ನಿಂಟೆಂಡೊ ಸ್ವಿಚ್‌ನ ಅಡಾಪ್ಟರ್ ಇಂಥದ್ದು. ಎಕ್ಸ್‌ಬಾಕ್ಸ್ ಒನ್ ಎಸ್ ಮತ್ತು ಅದರ ನಂತರದ ಎಕ್ಸ್‌ಬಾಕ್ಸ್‌ಗಳ ಒಳಗಿನ ಪವರ್ ಸಪ್ಲೈ ಕೂಡ ಹೀಗೇ.

ಬರೀ 100 ಅಥವಾ 120 ಅಂತ ಇದ್ದು, ನಿಮ್ಮ ಗೋಡೆಯಲ್ಲಿ 230 ಬರುತ್ತಿದ್ದರೆ ಕೈ ಹಿಂದಕ್ಕೆ ತೆಗೆಯಿರಿ. ವೋಲ್ಟೇಜ್ ಇಳಿಸದೆ ಗತಿಯಿಲ್ಲ. ಜಪಾನಿನ ಹಳೆಯ ಕನ್ಸೋಲ್‌ಗಳು ಬಹುಪಾಲು 100, ಅಮೆರಿಕದವು 120. ಎಕ್ಸ್‌ಬಾಕ್ಸ್ 360ರ ಇಟ್ಟಿಗೆಯಂಥ ಅಡಾಪ್ಟರ್ ಆಯಾ ಪ್ರದೇಶಕ್ಕೆ ಬೇರೆ ಬೇರೆ: ಅಮೆರಿಕದ್ದು 100–127, ಯುರೋಪಿನದ್ದು 200–240.

220–240 ಎಂದು ಬರೆದ ಕನ್ಸೋಲನ್ನು 120 ವೋಲ್ಟ್ ಇರುವ ದೇಶಕ್ಕೆ ಒಯ್ದರೆ ಸಾಮಾನ್ಯವಾಗಿ ಏನೂ ಸುಡುವುದಿಲ್ಲ, ಹೊತ್ತಿಕೊಳ್ಳುವುದೂ ಇಲ್ಲ. ಸುಮ್ಮನೆ ಸತ್ತಂತೆ ಬಿದ್ದಿರುತ್ತದೆ. ಅದಕ್ಕೆ ವೋಲ್ಟೇಜ್ ಏರಿಸುವ ಟ್ರಾನ್ಸ್‌ಫಾರ್ಮರ್ ಬೇಕು.

ಸೆಕೆಂಡ್ ಹ್ಯಾಂಡ್ ತೆಗೆದುಕೊಂಡವರಿಗೆ ಒಂದು ಮಾತು. ಮಾರಿದವರು ‘ಇದು ಎಲ್ಲಾ ಕಡೆ ನಡೆಯುತ್ತೆ’ ಅಂದಿರಬಹುದು, ಯಾರೋ ವಿಡಿಯೊದಲ್ಲಿ ಹೇಳಿರಲೂಬಹುದು. ಒಂದೇ ಹೆಸರಿನ ಕನ್ಸೋಲ್‌ನ ಬೇರೆ ಬೇರೆ ತಯಾರಿಕೆಗಳಲ್ಲಿ ಪವರ್ ಸಪ್ಲೈ ಬೇರೆ ಇರುತ್ತದೆ. ಪ್ಲೇಸ್ಟೇಷನ್ 2ನ್ನೇ ನೋಡಿ. ಮೊದಲ ದಪ್ಪ ಮಾದರಿಗಳಲ್ಲಿ ಪವರ್ ಸಪ್ಲೈ ಒಳಗಿತ್ತು, ತೆಳ್ಳಗಿನ ಮಾದರಿ ಬಂದಾಗ 8.5 ವೋಲ್ಟ್ ಅಡಾಪ್ಟರ್ ಆಗಿ ಹೊರಗೆ ಬಂತು, ಕೊನೆಯ 90000 ಸರಣಿಯಲ್ಲಿ ಮತ್ತೆ ಒಳಗೆ ಹೋಯಿತು. ನಿಮ್ಮ ಕೈಯಲ್ಲಿರುವ ಪೆಟ್ಟಿಗೆಯ ಲೇಬಲ್ ಒಂದೇ ಸಾಕ್ಷಿ.

ಹಂತ 2: ಅಡಾಪ್ಟರ್ ಹೊರಗಿದ್ದರೆ ಅದನ್ನೇ ಬದಲಿಸಿ

ಹೊರಗೆ ಅಡಾಪ್ಟರ್ ಇರುವ ಕನ್ಸೋಲ್ ಅಂದರೆ ಅರ್ಧ ಕೆಲಸ ಮುಗಿದ ಹಾಗೆ. ಗೋಡೆಯ ಕರೆಂಟು ಅಡಾಪ್ಟರ್‌ವರೆಗೆ ಮಾತ್ರ ಬರುತ್ತದೆ, ಅಲ್ಲಿಂದ ಆಚೆ ಎಲ್ಲಾ ದೇಶದಲ್ಲೂ ಬಹುಮಟ್ಟಿಗೆ ಒಂದೇ. ನಿಂಟೆಂಡೊ 64ರ ಹಿಂಬದಿಗೆ ಸಿಕ್ಕಿಸುವ ಪವರ್ ಬ್ಲಾಕ್ ಯಾವ ದೇಶದ್ದಾದರೂ ಕೊಡುವುದು 3.3 ವೋಲ್ಟ್ ಮತ್ತು 12 ವೋಲ್ಟ್. ಜಪಾನಿನ ಕನ್ಸೋಲ್‌ಗೆ ಯುರೋಪಿನ ಬ್ಲಾಕ್ ಹಾಕಿ ಆಡಬಹುದು. ಗೇಮ್‌ಕ್ಯೂಬ್ ಮತ್ತು ವೀ ಎರಡೂ 12 ವೋಲ್ಟ್, ಅವುಗಳಲ್ಲೂ ಇದೇ ಉಪಾಯ ನಡೆಯುತ್ತದೆ.

ಇನ್ನೂ ಹಳೆಯ ಕನ್ಸೋಲ್‌ಗಳಲ್ಲಿ ಮಾತ್ರ ಎಚ್ಚರ. ಹೊಸ ಅಡಾಪ್ಟರ್ ಕೊಳ್ಳುವಾಗ ನಾಲ್ಕು ಸಂಗತಿ ತಾಳೆ ನೋಡಬೇಕು.

1. ಔಟ್‌ಪುಟ್ ಡಿಸಿಯೋ ಎಸಿಯೋ.
2. ವೋಲ್ಟ್ ಎಷ್ಟು. ಇದು ಹಳೆಯದಕ್ಕೆ ಹೊಂದಬೇಕು.
3. ಆಂಪಿಯರ್ ಎಷ್ಟು. ಹಳೆಯದಕ್ಕಿಂತ ಹೆಚ್ಚಿದ್ದರೆ ಅಡ್ಡಿಯಿಲ್ಲ, ಕಡಿಮೆ ಇರಬಾರದು. ಕನ್ಸೋಲ್ ತನಗೆ ಬೇಕಾದಷ್ಟನ್ನೇ ಎಳೆದುಕೊಳ್ಳುತ್ತದೆ.
4. ಜ್ಯಾಕ್‌ನ ನಡುವಿನ ತೂತು ಪಾಸಿಟಿವೋ ನೆಗೆಟಿವೋ. ಲೇಬಲ್ ಮೇಲೆ ಎರಡು ವೃತ್ತಗಳ ನಡುವೆ ಚುಕ್ಕಿಯಿಟ್ಟ ಪುಟ್ಟ ಚಿತ್ರ ಇರುತ್ತದೆಯಲ್ಲ, ಅದು ಹೇಳುವುದು ಇದನ್ನೇ.

ನಾಲ್ಕನೆಯದನ್ನು ಜನ ನೋಡುವುದೇ ಇಲ್ಲ. ಈಗಿನ ಅಡಾಪ್ಟರ್‌ಗಳಲ್ಲಿ ಹೆಚ್ಚಿನವು ನಡುವೆ ಪಾಸಿಟಿವ್. ನಿಂಟೆಂಡೊದ ಹಳೆಯ ಜಪಾನಿ ಕನ್ಸೋಲ್‌ಗಳಾದ ಫ್ಯಾಮಿಕಾಮ್ ಮತ್ತು ಸೂಪರ್ ಫ್ಯಾಮಿಕಾಮ್ ಕೇಳುವುದು 10 ವೋಲ್ಟ್ ಡಿಸಿ, 850 ಮಿಲಿಆಂಪಿಯರ್, ನಡುವೆ ನೆಗೆಟಿವ್. ಸೆಗಾ ಮೆಗಾ ಡ್ರೈವ್‌ನ ಮೊದಲ ಮಾದರಿ ನಡುವೆ ನೆಗೆಟಿವ್, ಎರಡನೆಯದು ನಡುವೆ ಪಾಸಿಟಿವ್. ಅಣ್ಣ ತಮ್ಮಂದಿರು, ಆದರೂ ಒಬ್ಬರ ಊಟ ಇನ್ನೊಬ್ಬರಿಗೆ ಆಗದು.

ಎಲ್ಲಕ್ಕಿಂತ ಅಪಾಯದ ಜೋಡಿ ಫ್ಯಾಮಿಕಾಮ್ ಮತ್ತು ಅದರ ಅಮೆರಿಕದ ರೂಪವಾದ ಎನ್‌ಇಎಸ್. ಎನ್‌ಇಎಸ್ ಅಡಾಪ್ಟರ್ ಹೊರಗೆ ಕೊಡುವುದು 9 ವೋಲ್ಟ್ ಎಸಿ. ಎಸಿಯನ್ನು ಡಿಸಿ ಮಾಡುವ ರೆಕ್ಟಿಫೈಯರ್ ಆ ಕನ್ಸೋಲ್‌ನ ಒಳಗೇ ಇದೆ, ಆದ್ದರಿಂದ ಅದಕ್ಕೆ ಡಿಸಿ ಕೊಟ್ಟರೂ, ಯಾವ ದಿಕ್ಕಿನಲ್ಲಿ ಕೊಟ್ಟರೂ ನಡೆಯುತ್ತದೆ. ಫ್ಯಾಮಿಕಾಮ್‌ನಲ್ಲಿ ಆ ರಕ್ಷಣೆ ಇಲ್ಲ. ಎನ್‌ಇಎಸ್ ಅಡಾಪ್ಟರ್ ಅದಕ್ಕೆ ಸರಾಗವಾಗಿ ಸಿಕ್ಕಿಕೊಳ್ಳುತ್ತದೆ, ಸಿಕ್ಕಿಕೊಂಡು ಕೊಲ್ಲುತ್ತದೆ.

ಕೈಯಲ್ಲಿ ಮಲ್ಟಿಮೀಟರ್ ಇದ್ದರೆ ಲೇಬಲನ್ನೂ ಪರೀಕ್ಷಿಸಿ. ಡಿಸಿ ವೋಲ್ಟ್‌ಗೆ ತಿರುಗಿಸಿ, ಕೆಂಪು ಕಡ್ಡಿ ಜ್ಯಾಕ್‌ನ ನಡುವೆ, ಕಪ್ಪು ಕಡ್ಡಿ ಹೊರಮೈಗೆ. ಅಂಕಿಯ ಮುಂದೆ ಮೈನಸ್ ಬಂದರೆ ನಡುವೆ ನೆಗೆಟಿವ್. ಹಳೆಯ, ತೂಕದ ಅಡಾಪ್ಟರ್‌ಗಳು ಕನ್ಸೋಲ್ ಸಿಕ್ಕಿಸದೆ ಅಳೆದಾಗ ಬರೆದಿದ್ದಕ್ಕಿಂತ ನಾಲ್ಕೈದು ವೋಲ್ಟ್ ಜಾಸ್ತಿ ತೋರಿಸಬಹುದು. ಗಾಬರಿ ಬೇಡ, ಅವುಗಳ ಸ್ವಭಾವವೇ ಹಾಗೆ.

ಹಂತ 3: ಪವರ್ ಸಪ್ಲೈ ಒಳಗಿದ್ದರೆ ಟ್ರಾನ್ಸ್‌ಫಾರ್ಮರ್

ಅಂಗಡಿಯಲ್ಲಿ ‘ಟ್ರಾವೆಲ್’ ಹೆಸರಿನಲ್ಲಿ ಮೂರು ಬಗೆಯ ವಸ್ತು ಸಿಗುತ್ತವೆ, ಮೂರನ್ನೂ ಜನ ಅಡಾಪ್ಟರ್ ಅಂತಲೇ ಕರೆಯುತ್ತಾರೆ. ಒಂದು ಬರೀ ಪಿನ್ ಬದಲಿಸುತ್ತದೆ, ವೋಲ್ಟೇಜ್ ಮುಟ್ಟುವುದಿಲ್ಲ. ಇನ್ನೊಂದು, ಕೂದಲು ಒಣಗಿಸುವ ಯಂತ್ರ, ಇಸ್ತ್ರಿಪೆಟ್ಟಿಗೆ ಇಂಥವಕ್ಕೆ ಮಾಡಿದ ಹಗುರ ಕನ್ವರ್ಟರ್. ಅದು ಅಲೆಯನ್ನು ಕತ್ತರಿಸಿ ಕೊಡುತ್ತದೆ, ಶಾಖದ ಉಪಕರಣಕ್ಕೆ ಸರಿ, ಎಲೆಕ್ಟ್ರಾನಿಕ್ಸ್‌ಗೆ ಬೇಡವೇ ಬೇಡ. ನಿಮಗೆ ಬೇಕಾದದ್ದು ಮೂರನೆಯದು: ತಾಮ್ರದ ಸುರುಳಿ, ಕಬ್ಬಿಣದ ತಿರುಳು ಇರುವ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್. ಎತ್ತಿ ನೋಡಿದರೆ ಗೊತ್ತಾಗುತ್ತದೆ, ಕೈ ಜಗ್ಗುವಷ್ಟು ಭಾರ ಇರುತ್ತದೆ.

ಎಷ್ಟು ಸಾಮರ್ಥ್ಯದ್ದು? ಕನ್ಸೋಲ್ ಲೇಬಲ್ ಮೇಲಿನ ವ್ಯಾಟ್‌ನ ಎರಡರಷ್ಟು ಇಟ್ಟುಕೊಳ್ಳಿ. 50 ವ್ಯಾಟ್‌ನ ಕನ್ಸೋಲ್‌ಗೆ 100 ವಿಎ (ವೋಲ್ಟ್-ಆಂಪಿಯರ್, ಟ್ರಾನ್ಸ್‌ಫಾರ್ಮರ್ ಸಾಮರ್ಥ್ಯದ ಅಳತೆ). ಅಗ್ಗದ ಟ್ರಾನ್ಸ್‌ಫಾರ್ಮರ್‌ಗಳ ಮೇಲೆ ಬರೆದ ಅಂಕಿಯನ್ನು ನಾನಂತೂ ಪೂರ್ತಿ ನಂಬುವುದಿಲ್ಲ. ಅದಕ್ಕೇ ಈ ಎರಡು ಪಟ್ಟಿನ ಲೆಕ್ಕ.

100 ಮತ್ತು 110ರ ವ್ಯತ್ಯಾಸವನ್ನು ಸಣ್ಣದು ಅಂದುಕೊಳ್ಳಬೇಡಿ. ಬಹಳಷ್ಟು ಟ್ರಾನ್ಸ್‌ಫಾರ್ಮರ್ ಕೊಡುವುದು 110. ಅಮೆರಿಕದ 120 ವೋಲ್ಟ್ ಕನ್ಸೋಲ್‌ಗೆ ಅದು ಆದೀತು. ಜಪಾನಿನದ್ದಕ್ಕೆ 100 ವೋಲ್ಟ್ ಔಟ್‌ಪುಟ್ ಇರುವುದನ್ನೇ ಹುಡುಕಿ. ಫ್ಯಾಮಿಕಾಮ್ ಕಾಲದ ಯಂತ್ರಗಳ ಒಳಗೆ 7805 ಎಂಬ ಮೂರು ಕಾಲಿನ ರೆಗ್ಯುಲೇಟರ್ ಇದೆ. ಬಂದ ವೋಲ್ಟೇಜನ್ನು 5ಕ್ಕೆ ಇಳಿಸಿ, ಉಳಿದದ್ದನ್ನು ಶಾಖವಾಗಿ ಹೊರಹಾಕುವುದು ಅದರ ಕೆಲಸ. 10 ವೋಲ್ಟ್ ಬಂದರೆ 5 ವೋಲ್ಟ್‌ನಷ್ಟು ಶಾಖ, 100ರ ಬದಲು 110 ಕೊಟ್ಟು ಅದು 11 ಆದರೆ 6ರಷ್ಟು. ಒಳಗೆ ಏರಿದ್ದು ಒಂದೇ ವೋಲ್ಟ್, ಬಿಸಿ ಏರಿದ್ದು ಶೇ. 20.

ಇನ್ನು ಹರ್ಟ್ಸ್. ಟ್ರಾನ್ಸ್‌ಫಾರ್ಮರ್ ವೋಲ್ಟೇಜ್ ಇಳಿಸುತ್ತದೆಯೇ ಹೊರತು ಹರ್ಟ್ಸ್ ಬದಲಿಸುವುದಿಲ್ಲ. 50 ಒಳಗೆ ಹೋದರೆ 50 ಹೊರಗೆ ಬರುತ್ತದೆ. ಜಪಾನಿನ ವಸ್ತುಗಳಿಗೆ ಇದರಿಂದ ತೊಂದರೆಯಿಲ್ಲ, ಕಾರಣವೂ ಸ್ವಾರಸ್ಯದ್ದು. ವಿದ್ಯುತ್ ಹೊಸದಾಗಿದ್ದ 19ನೇ ಶತಮಾನದ ಕೊನೆಯಲ್ಲಿ ಟೋಕಿಯೊ ಜರ್ಮನಿಯಿಂದ ಜನರೇಟರ್ ತರಿಸಿತು, ಒಸಾಕಾ ಅಮೆರಿಕದಿಂದ. ಇವತ್ತಿಗೂ ಆ ದೇಶದ ಪೂರ್ವಕ್ಕೆ 50 ಹರ್ಟ್ಸ್, ಪಶ್ಚಿಮಕ್ಕೆ 60. ಹಾಗಾಗಿ ಅಲ್ಲಿನ ಅಡಾಪ್ಟರ್‌ಗಳು ಎರಡಕ್ಕೂ ಒಗ್ಗುವಂತೆಯೇ ಹುಟ್ಟುತ್ತವೆ. ಅಮೆರಿಕದ ಹಳೆ ಅಡಾಪ್ಟರ್‌ಗಳ ಮೇಲೆ ಬರೀ 60 ಹರ್ಟ್ಸ್ ಅಂತ ಇರುತ್ತದೆ. ಅಂಥದ್ದನ್ನು 50ರಲ್ಲಿ ನಡೆಸಿದರೆ ಒಳಗಿನ ಕಬ್ಬಿಣದ ತಿರುಳು ಹೆಚ್ಚು ಬಿಸಿಯಾಗುತ್ತದೆ. ಅಂಥ ಅಡಾಪ್ಟರ್ ಇದ್ದರೆ ಟ್ರಾನ್ಸ್‌ಫಾರ್ಮರ್ ಗೊಡವೆಗೆ ಹೋಗದೆ ಹಂತ 2ರಂತೆ ಹೊಸ ಅಡಾಪ್ಟರ್ ತೆಗೆದುಕೊಳ್ಳುವುದೇ ಲೇಸು.

‘ನಮ್ಮ ಕಡೆ 50 ಹರ್ಟ್ಸ್ ಕರೆಂಟು, ಅದಕ್ಕೇ ಆಟ ನಿಧಾನ ಓಡುತ್ತಿದೆ’ ಅನ್ನುವವರು ಸಿಗುತ್ತಾರೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ. ಆಟದ ವೇಗ ನಿರ್ಧರಿಸುವುದು ಕನ್ಸೋಲ್ ಒಳಗೆ ತಾಳ ಹಾಕುವ ಕ್ರಿಸ್ಟಲ್, ಗೋಡೆಯ ಕರೆಂಟಲ್ಲ. ನಿಧಾನ ಓಡುವುದು ಯುರೋಪಿಗೆಂದು ಮಾಡಿದ, ಟಿವಿಗೆ ಸೆಕೆಂಡಿಗೆ 50 ಸಲ ಚಿತ್ರ ಕಳಿಸುವ 50 ಹರ್ಟ್ಸ್ ಕನ್ಸೋಲ್‌ಗಳಲ್ಲಿ. ವೇಗ ಸರಿಹೊಂದಿಸದೆ ಬಿಟ್ಟ ಆಟಗಳು ಅವುಗಳಲ್ಲಿ ಸುಮಾರು ಶೇ. 17ರಷ್ಟು ತೆವಳುತ್ತವೆ, ಸಂಗೀತವೂ ಜೊತೆಗೇ ಎಳೆಯುತ್ತದೆ. ಆಯ್ಕೆ ನಿಮ್ಮದಾದರೆ ಜಪಾನ್ ಅಥವಾ ಅಮೆರಿಕದ ಹಳೆಯ ಕನ್ಸೋಲನ್ನೇ ಆರಿಸಿ. ಕರೆಂಟಿನ ತಲೆನೋವು ಇದ್ದರೂ ಆಟ ಅದರ ಸರಿಯಾದ ವೇಗದಲ್ಲಿ ಸಿಗುತ್ತದೆ.

ಹಂತ 4: ಟಿವಿಗೆ ಹೇಗೆ

ಎಚ್‌ಡಿಎಂಐ ಇದ್ದರೆ ಸಿಕ್ಕಿಸಿ ಆಡಿ, ಹೆಚ್ಚಿಗೆ ಹೇಳುವುದೇನಿಲ್ಲ. ಎಚ್‌ಡಿಎಂಐ ಕೇಬಲ್ ಸಿಕ್ಕಿಸುವಾಗ ಎರಡೂ ಕಡೆ ಪವರ್ ಆಫ್ ಇರಲಿ, ಅಷ್ಟೇ. ಅರ್ಥಿಂಗ್ ಪಿನ್ ಇಲ್ಲದ ಯಂತ್ರಗಳ ಲೋಹದ ಭಾಗ ಮುಟ್ಟಿದಾಗ ಬೆರಳಿಗೆ ಜುಮ್ ಅನ್ನುವುದುಂಟಲ್ಲ, ಆ ಸಣ್ಣ ಸೋರಿಕೆಯೇ ಎಚ್‌ಡಿಎಂಐ ಪೋರ್ಟ್‌ನ ಚಿಪ್ ಕೆಡಿಸಲು ಸಾಕಾಗಬಹುದು.

ಹಳೆಯ ಅನಲಾಗ್ ಕನ್ಸೋಲ್‌ಗಳದ್ದು ಬೇರೆಯದೇ ಕಥೆ. ಟಿವಿ ಸಿಗ್ನಲ್‌ನ ಪದ್ಧತಿ ದೇಶದಿಂದ ದೇಶಕ್ಕೆ ಬೇರೆ. ಜಪಾನ್ ಮತ್ತು ಅಮೆರಿಕ ಎನ್‌ಟಿಎಸ್‌ಸಿ: 525 ಗೆರೆ, ಸೆಕೆಂಡಿಗೆ ಸುಮಾರು 60 ಸಲ. ಯುರೋಪಿನ ಬಹುಭಾಗ, ಏಷ್ಯಾದ ಹಲವು ದೇಶ ಪಾಲ್: 625 ಗೆರೆ, 50 ಸಲ. ಬ್ರೆಜಿಲ್ ಮಾತ್ರ ಪಾಲ್‌ನ ಬಣ್ಣವನ್ನೂ ಎನ್‌ಟಿಎಸ್‌ಸಿಯ ಗೆರೆಗಳನ್ನೂ ಕೂಡಿಸಿಕೊಂಡು ಪಾಲ್-ಎಂ ಅಂತ ತನ್ನದೇ ದಾರಿ ಹಿಡಿಯಿತು. ಪಾಲ್ ಮಾತ್ರ ಬಲ್ಲ ಟಿವಿಗೆ ಎನ್‌ಟಿಎಸ್‌ಸಿ ಕನ್ಸೋಲ್ ಸಿಕ್ಕಿಸಿದರೆ ಚಿತ್ರ ಕಪ್ಪು ಬಿಳುಪಾಗುತ್ತದೆ, ಇಲ್ಲವೇ ಮೇಲಿಂದ ಕೆಳಗೆ ಉರುಳುತ್ತಲೇ ಇರುತ್ತದೆ. ಬಣ್ಣದ ಸಿಗ್ನಲ್ ಒಂದರಲ್ಲಿ 3.58 ಮೆಗಾಹರ್ಟ್ಸ್, ಇನ್ನೊಂದರಲ್ಲಿ 4.43. ಟಿವಿ ತಾನು ಹುಡುಕುವ ಕಡೆ ಬಣ್ಣ ಕಾಣದೆ ಕೈಚೆಲ್ಲುತ್ತದೆ. ಮೊದಲು ಟಿವಿಯ ಮೆನುವಿನಲ್ಲಿ ‘ಕಲರ್ ಸಿಸ್ಟಮ್’ ಎಂಬುದನ್ನು ಹುಡುಕಿ ಆಟೋ ಅಥವಾ ಎನ್‌ಟಿಎಸ್‌ಸಿಗೆ ಹಾಕಿ. ಎಷ್ಟೋ ಸಲ ರೋಗಕ್ಕೆ ಮದ್ದು ಅಲ್ಲೇ ಇರುತ್ತದೆ.

ಒಂದೊಂದು ಬಗೆಯ ಜ್ಯಾಕ್‌ಗೂ ಒಂದೊಂದು ಕಿರಿಕಿರಿ ಇದೆ.

ಆಂಟೆನಾ ತಂತಿ: 1983ರ ಮೂಲ ಫ್ಯಾಮಿಕಾಮ್‌ಗೆ ಇದೊಂದೇ ದಾರಿ. ಅದು ಕಳಿಸುವುದು ಜಪಾನಿನ 1 ಅಥವಾ 2ನೇ ಚಾನೆಲ್‌ನಲ್ಲಿ, ಅಂದರೆ 90ರಿಂದ 102 ಮೆಗಾಹರ್ಟ್ಸ್ ನಡುವೆ. ಬೇರೆ ದೇಶಗಳಲ್ಲಿ ಅದು ಎಫ್‌ಎಂ ರೇಡಿಯೊದ ಜಾಗ, ಹೆಚ್ಚಿನ ಟಿವಿಗಳು ಅಲ್ಲಿ ಹುಡುಕುವುದೇ ಇಲ್ಲ. ಹೇಗೋ ಹಿಡಿದರೂ ಚಿತ್ರಕ್ಕೂ ಧ್ವನಿಗೂ ನಡುವಿನ ಅಂತರ ಎನ್‌ಟಿಎಸ್‌ಸಿಯಲ್ಲಿ 4.5 ಮೆಗಾಹರ್ಟ್ಸ್, ಪಾಲ್ ದೇಶಗಳಲ್ಲಿ 5.5 ಅಥವಾ 6. ಚಿತ್ರ ಬಂದು ಧ್ವನಿಯ ಜಾಗದಲ್ಲಿ ಬರೀ ‘ಶ್‌ಶ್‌’ ಕೇಳುತ್ತಿದ್ದರೆ ಕಾರಣ ಇದು. ಇದರ ಜೊತೆ ಗುದ್ದಾಡಬೇಡಿ. ಒಳಗೆ ಎವಿ ಔಟ್ ಹಾಕಿಸಿಕೊಳ್ಳಿ, ಇಲ್ಲವೇ ಎವಿ ಜ್ಯಾಕ್‌ನೊಂದಿಗೇ ಬಂದ 1993ರ ಮಾದರಿ ಹುಡುಕಿ.

ಹಳದಿ ಜ್ಯಾಕ್: ಸುಲಭ, ಆದರೆ ಚಿತ್ರ ಮಸುಕು. ಕನ್ಸೋಲ್‌ಗೆ ಎಸ್-ವಿಡಿಯೊ (ಬೆಳಕನ್ನೂ ಬಣ್ಣವನ್ನೂ ಬೇರೆ ಬೇರೆ ತಂತಿಯಲ್ಲಿ ಕಳಿಸುವ ಜ್ಯಾಕ್) ಬಂದರೆ ಅದನ್ನೇ ಬಳಸಿ.

21 ಪಿನ್ನಿನ ಅಗಲ ಜ್ಯಾಕ್: ಮತ್ತೆ ಅದೇ ಹಳೆಯ ಬಲೆ. ಜಪಾನಿನ 21 ಪಿನ್ ಆರ್‌ಜಿಬಿ ಜ್ಯಾಕ್ ಮತ್ತು ಯುರೋಪಿನ ಸ್ಕಾರ್ಟ್ ನೋಡಲು ಅವಳಿಜವಳಿ. ಒಂದು ಇನ್ನೊಂದರೊಳಗೆ ಹೋಗುತ್ತದೆ. ಪಿನ್‌ಗಳ ಕೆಲಸ ಮಾತ್ರ ಬೇರೆ ಬೇರೆ, ಚಿತ್ರ ಬರುವುದಿಲ್ಲ, ಕೆಡುಕೂ ಆಗಬಹುದು. ಕೇಬಲ್ ಕೊಳ್ಳುವಾಗ ‘ಜೆಪಿ21’ ಎಂದಿದೆಯೋ ‘ಸ್ಕಾರ್ಟ್’ ಎಂದಿದೆಯೋ ನೋಡಿ. ಸೂಪರ್ ನಿಂಟೆಂಡೊದ ಎವಿ ಜ್ಯಾಕ್‌ನದ್ದೂ ಇದೇ ಪಾಡು. ಅಮೆರಿಕ, ಜಪಾನಿನ ಮಾದರಿಗಳಲ್ಲಿ ಸಿಂಕ್ ಸಿಗ್ನಲ್ (ಚಿತ್ರ ಉರುಳದೆ ನಿಲ್ಲುವಂತೆ ತಾಳ ಹಾಕುವ ಸಿಗ್ನಲ್) ಬರುವ ಪಿನ್ನಿನಲ್ಲಿ ಯುರೋಪಿನ ಮಾದರಿಯಲ್ಲಿ 12 ವೋಲ್ಟ್ ಬರುತ್ತದೆ. ತಪ್ಪು ಕೇಬಲ್ ಹಾಕಿದರೆ ಆ 12 ವೋಲ್ಟ್ ನೇರ ಟಿವಿಯ ಸಿಂಕ್ ತಂತಿಗೆ.

ಡಿ-ಟರ್ಮಿನಲ್: ಜಪಾನಿನ ಪ್ಲೇಸ್ಟೇಷನ್ 2, ಗೇಮ್‌ಕ್ಯೂಬ್, ವೀ ಕೇಬಲ್‌ಗಳಲ್ಲಿ ಸಿಗುವ ಈ ವಿಚಿತ್ರ ಜ್ಯಾಕ್ ನೋಡಿ ಹೆದರಬೇಡಿ. ಒಳಗಿರುವುದು ಸಾದಾ ಕಾಂಪೊನೆಂಟ್ ಸಿಗ್ನಲ್ಲೇ. ಹಸಿರು, ನೀಲಿ, ಕೆಂಪು ಜ್ಯಾಕ್‌ಗೆ ಒಡೆಯುವ ಕೇಬಲ್ ಸಾಕು, ನಡುವೆ ಯಾವ ಎಲೆಕ್ಟ್ರಾನಿಕ್ಸೂ ಬೇಡ.

ವಿಜಿಎ: ಡ್ರೀಮ್‌ಕಾಸ್ಟ್ ಇದ್ದವರು ಪುಣ್ಯವಂತರು. ವಿಜಿಎ ಬಾಕ್ಸ್ ಒಂದಿದ್ದರೆ ಪಾಲ್, ಎನ್‌ಟಿಎಸ್‌ಸಿ ಜಗಳವೇ ಇಲ್ಲ, ಕಂಪ್ಯೂಟರ್ ಮಾನಿಟರ್‌ನಲ್ಲಿ 480 ಗೆರೆಯ ಹರಳಿನಂಥ ಚಿತ್ರ.

ಹಂತ 5: ಹೊಸ ಟಿವಿಗೆ ಸ್ಕೇಲರ್

ಅನಲಾಗ್ ಜ್ಯಾಕ್ ಇಲ್ಲದ ಟಿವಿಗೆ, ಹಳೆಯ ಸಿಗ್ನಲನ್ನು ಎಚ್‌ಡಿಎಂಐಗೆ ಬದಲಿಸುವ ಸ್ಕೇಲರ್ ಎಂಬ ಪೆಟ್ಟಿಗೆ ನಡುವೆ ಬೇಕೇ ಬೇಕು. ಅಗ್ಗದ ‘ಎವಿ ಟು ಎಚ್‌ಡಿಎಂಐ’ ಡಬ್ಬಿ ಚಿತ್ರವನ್ನೇನೋ ತೋರಿಸುತ್ತದೆ. ಆದರೆ 1990ರ ದಶಕದ ಮಧ್ಯದವರೆಗಿನ ಹೆಚ್ಚಿನ ಆಟಗಳು 240 ಗೆರೆಯ ಪೂರ್ಣ ಚಿತ್ರ ಕಳಿಸುತ್ತವೆ. ಡಬ್ಬಿ ಅದನ್ನು 480 ಗೆರೆಯ ಅರ್ಧರ್ಧ ಚಿತ್ರ ಅಂತ ತಪ್ಪು ತಿಳಿದು ಎರಡೆರಡನ್ನು ಸೇರಿಸುತ್ತದೆ. ಹಳೆ ಆಟಗಳಲ್ಲಿ ಪಾತ್ರದ ನೆರಳನ್ನು ಒಂದು ಫ್ರೇಮ್ ಬಿಟ್ಟು ಒಂದರಲ್ಲಿ ಮಿನುಗಿಸಿ ಪಾರದರ್ಶಕದಂತೆ ತೋರಿಸುತ್ತಿದ್ದರು. ಈ ಡಬ್ಬಿ ಹಾಕಿ ನೋಡಿ, ಆ ನೆರಳು ಬಾಚಣಿಗೆಯ ಹಲ್ಲಿನಂತೆ ಗೆರೆಗೆರೆಯಾಗಿರುತ್ತದೆ, ಇಲ್ಲವೇ ಮಾಯವಾಗಿರುತ್ತದೆ. ಬಟನ್ ಒತ್ತಿದ್ದಕ್ಕೂ ಹಾರಿದ್ದಕ್ಕೂ ನಡುವೆ ತಡವೂ ಆಗುತ್ತದೆ.

ಓಎಸ್‌ಎಸ್‌ಸಿ, ರೆಟ್ರೊಟಿಂಕ್, ಜಿಬಿಎಸ್-ಕಂಟ್ರೋಲ್ ಹಳೆ ಕನ್ಸೋಲ್‌ಗೆಂದೇ ಹುಟ್ಟಿದವು, 240 ಗೆರೆಯನ್ನು ಸರಿಯಾಗಿ ಗುರುತಿಸುತ್ತವೆ. ಓಎಸ್‌ಎಸ್‌ಸಿ ಗೆರೆಗಳನ್ನು ಬಂದ ಹಾಗೇ ಗುಣಿಸಿ ಕಳಿಸುವುದರಿಂದ ತಡ ಇಲ್ಲವೆನ್ನುವಷ್ಟು ಕಡಿಮೆ. ಕೆಲವು ಟಿವಿಗಳು ಮಾತ್ರ ಆ ಸಿಗ್ನಲ್ ಒಪ್ಪುವುದಿಲ್ಲ, ಆದ್ದರಿಂದ ವಾಪಸ್ ಕೊಡುವ ಅವಕಾಶ ಇಟ್ಟುಕೊಂಡು ಕೊಳ್ಳಿ. ಯಾವುದೇ ಪೆಟ್ಟಿಗೆಯಿದ್ದರೂ ಟಿವಿಯಲ್ಲಿ ಗೇಮ್ ಮೋಡ್ ಹಾಕಿ, ಚಿತ್ರದ ಅನುಪಾತ 4:3ಕ್ಕೆ ಇಡಿ. ಹಿಗ್ಗಿಸಿದ ಚಿತ್ರದಲ್ಲಿ ಎಲ್ಲರೂ ಊದಿಕೊಂಡಂತೆ ಕಾಣುತ್ತಾರೆ. ಹಳೆಯ ಲೈಟ್ ಗನ್ ಆಟಗಳ ಆಸೆ ಬಿಡಿ. ಅವು ಗಾಜಿನ ಟ್ಯೂಬಿನ ಟಿವಿಯಲ್ಲಿ ಮಾತ್ರ ಗುರಿ ಹಿಡಿಯುತ್ತವೆ.

ಹಂತ 6: ಮೊದಲ ಸಲ ಆನ್ ಮಾಡುವಾಗ

ಆಟದ ಕಾರ್ಟ್ರಿಜ್, ಡಿಸ್ಕ್ ಏನೂ ಹಾಕಬೇಡಿ. ಟ್ರಾನ್ಸ್‌ಫಾರ್ಮರ್ ಮಾತ್ರ ಗೋಡೆಗೆ ಸಿಕ್ಕಿಸಿ, ಕಡ್ಡಿಗಳ ಲೋಹ ಮುಟ್ಟದಂತೆ ಮಲ್ಟಿಮೀಟರ್‌ನ ಎಸಿ ವೋಲ್ಟ್‌ನಲ್ಲಿ ಔಟ್‌ಪುಟ್ ಅಳೆಯಿರಿ. ಸರಿಯಿದ್ದರೆ ಗೋಡೆಯ ಸ್ವಿಚ್ ಆಫ್ ಮಾಡಿ, ಕನ್ಸೋಲ್ ಜೋಡಿಸಿ, ಆಮೇಲೆ ಮತ್ತೆ ಆನ್. ಹತ್ತು ನಿಮಿಷ ಪಕ್ಕದಲ್ಲೇ ಕೂತಿರಿ. ಟ್ರಾನ್ಸ್‌ಫಾರ್ಮರ್ ಉಗುರು ಬೆಚ್ಚಗಾದರೆ, ಸಣ್ಣಗೆ ಗುಂಯ್‌ಗುಟ್ಟಿದರೆ ಚಿಂತೆಯಿಲ್ಲ. ಕೈ ಇಡಲಾರದಷ್ಟು ಸುಟ್ಟರೆ ಅಥವಾ ವಾಸನೆ ಬಂದರೆ ಗೋಡೆಯಲ್ಲೇ ಆಫ್ ಮಾಡಿ. ಆಟ ಮುಗಿದ ಮೇಲೂ ಗೋಡೆಯ ಸ್ವಿಚ್ ಆರಿಸಬೇಕು. ಕನ್ಸೋಲ್ ಆರಿಸಿದರೂ ಟ್ರಾನ್ಸ್‌ಫಾರ್ಮರ್ ಕರೆಂಟು ಕುಡಿಯುತ್ತಲೇ ಇರುತ್ತದೆ.

ಏನೇ ಆದರೂ ಪವರ್ ಸಪ್ಲೈ ಇರುವ ಪೆಟ್ಟಿಗೆಯನ್ನು ಕುತೂಹಲಕ್ಕೆ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಆ ದಪ್ಪ ಕೆಪಾಸಿಟರ್ ಹೊಡೆತ ಹಿಡಿದುಕೊಂಡು ಕಾದಿರುತ್ತದೆ.

ಇಷ್ಟೆಲ್ಲ ಆಗಿ ಆಟ ಓಡದಿದ್ದರೆ ಅದು ಕರೆಂಟಿನ ತಪ್ಪಲ್ಲದೆ ಪ್ರದೇಶದ ಬೀಗ ಇರಬಹುದು, ಅಂದರೆ ಬೇರೆ ಪ್ರದೇಶದ ಆಟ ನಡೆಯದಂತೆ ತಯಾರಕರೇ ಇಟ್ಟ ತಡೆ. ಫ್ಯಾಮಿಕಾಮ್ ಕಾರ್ಟ್ರಿಜ್‌ಗೆ 60 ಪಿನ್, ಎನ್‌ಇಎಸ್‌ಗೆ 72. ಪ್ಲೇಸ್ಟೇಷನ್ 1 ಮತ್ತು 2 ತಮ್ಮ ಪ್ರದೇಶದ ಡಿಸ್ಕ್ ಮಾತ್ರ ಓದುತ್ತವೆ. ಮೂಲ ಸ್ವಿಚ್‌ನಲ್ಲಿ ಈ ಬೀಗವಿಲ್ಲ, ಆದರೆ 2025ರ ಸ್ವಿಚ್ 2ಕ್ಕೆ ಜಪಾನಿ ಭಾಷೆ ಮಾತ್ರವಿರುವ ಒಂದು ಆವೃತ್ತಿ ಇದೆ. ಅದು ಜಪಾನಿನ ಖಾತೆಯನ್ನಷ್ಟೇ ಒಪ್ಪುತ್ತದೆ. ಅಗ್ಗ ಅಂತ ಹಾರಬೇಡಿ.

ನನ್ನ ಡ್ರೀಮ್‌ಕಾಸ್ಟ್ ಸತ್ತಿರಲಿಲ್ಲ. ಅದರ ಪವರ್ ಬೋರ್ಡ್ ಪ್ರತ್ಯೇಕವಾಗಿ ಕಳಚಿ ಬರುವಂಥದ್ದು. ಅದೇ ಮಾದರಿಯ, ಡಿಸ್ಕ್ ಓದುವುದನ್ನು ನಿಲ್ಲಿಸಿದ್ದ ಯುರೋಪಿನ ಕನ್ಸೋಲೊಂದರಿಂದ 230 ವೋಲ್ಟ್ ಬೋರ್ಡ್ ತೆಗೆದು ರಿಪೇರಿ ಬಲ್ಲವರೊಬ್ಬರು ಕೂರಿಸಿಕೊಟ್ಟರು. ಈಗ ಅದೇ ಟೇಪ್ ರೆಕಾರ್ಡರ್ ಕೇಬಲ್‌ನಲ್ಲಿ ಓಡುತ್ತಿದೆ. ಹಾಗಾಗಿ ತಳದಲ್ಲಿರುವ 100 ವೋಲ್ಟ್ ಲೇಬಲ್ ಈಗ ಸುಳ್ಳು ಹೇಳುತ್ತಿದೆ. ಅದರ ಮೇಲೆ ಬಿಳಿ ಟೇಪ್ ಅಂಟಿಸಿ, ಅಳಿಸದ ಮಸಿಯಲ್ಲಿ 230 ಅಂತ ದಪ್ಪಗೆ ಬರೆದಿದ್ದೇನೆ.